ಹುಲ್ಲೆಲೆಯ ಬಿಳಿಗೆರೆ: ಅದನ್ನು ಕೊರೆದ ನೊಣವನ್ನು ಗುರುತಿಸುವ ಬಗೆ

ಶಿವಾಜಿನಗರದ ರಸೆಲ್ ಮಾರುಕಟ್ಟೆಯಲ್ಲಿ ಬೆಳಗಿನ ಹೊತ್ತು ಸೊಪ್ಪು ಕೊಳ್ಳುವವರು ಒಂದು ಸಂಗತಿಯನ್ನು ಕಂಡಿರಲೇಬೇಕು. ಪಾಲಕ್ ಸೊಪ್ಪಿನ ಕಂತೆಯನ್ನು ಬಿಚ್ಚಿದಾಗ ಕೆಲವು ಎಲೆಗಳಲ್ಲಿ ಬಿಳಿಯ ಗೆರೆಯೊಂದು ಸುತ್ತಿ ಬಳಸಿ, ಅಲ್ಲಲ್ಲಿ ತನ್ನ ಹಾದಿಯನ್ನು ತಾನೇ ದಾಟಿ, ಎಲ್ಲಿಯೋ ಒಂದು ಕಡೆ ಥಟ್ಟನೆ ನಿಂತುಬಿಟ್ಟಿರುತ್ತದೆ. ಕೊಳ್ಳುವವರು ಅಂತಹ ಎಲೆಯನ್ನು ಕಿತ್ತು ಬಿಸುಡುತ್ತಾರೆ. ಇದನ್ನು ಬರೆಯುವ ಕೀಟಕ್ಕೆ ನಮ್ಮ ರೈತರು ರಂಗೋಲಿ ಹುಳು ಎಂದು ಹೆಸರಿಟ್ಟಿದ್ದಾರೆ. ಹೆಸರೇನೋ ಸೊಗಸಾಗಿದೆ. ಆದರೆ ರಂಗೋಲಿಯು ನೆಲದ ಮೇಲಿರುತ್ತದೆ, ಕೈಯಿಂದ ಒರಸಿದರೆ ಹೋಗುತ್ತದೆ. ಈ ಗೆರೆಯನ್ನು ಉಗುರಿನಿಂದ ಕೆರೆದರೂ ಅಳಿಸಲಾಗದು. ಏಕೆಂದರೆ ಅದು ಎಲೆಯ ಮೇಲಿಲ್ಲ, ಎಲೆಯ ಒಳಗಿದೆ.

ಎಲೆಯೊಂದು ಎಷ್ಟೇ ತೆಳುವಾಗಿದ್ದರೂ ಅದರಲ್ಲಿ ಮೂರು ಪದರಗಳುಂಟು. ಮೇಲೊಂದು ಹೊರಪೊರೆ, ಕೆಳಗೊಂದು ಹೊರಪೊರೆ, ನಡುವೆ ಹಸುರು ತಿರುಳು. ಕೆಲವು ಕೀಟಗಳ ಮರಿಹುಳುಗಳು ಎರಡು ಹೊರಪೊರೆಗಳನ್ನೂ ಹಾಗೆಯೇ ಉಳಿಸಿ, ನಡುವಣ ತಿರುಳನ್ನು ಮಾತ್ರ ತಿನ್ನುತ್ತ ಮುಂದೆ ಸಾಗುತ್ತವೆ. ಹೀಗೆ ಉಂಟಾದ ಪೊಳ್ಳು ಹಾದಿಗೆ ಎಲೆಸುರಂಗವೆಂದು ಹೆಸರು. ಈ ವೃತ್ತಿಯನ್ನು ಹಿಡಿದ ಕೀಟಗಳು ನಾಲ್ಕು ಗಣಗಳಿಗೆ ಸೇರಿವೆ: ನೊಣಗಳು, ಪತಂಗಗಳು, ದುಂಬಿಗಳು ಮತ್ತು ಗರಗಸಕಣಜಗಳು. ನೊಣಗಳ ಪೈಕಿ ಆಗ್ರೊಮೈಜಿಡೀ ಎಂಬ ಕುಟುಂಬವೇ ಮುಖ್ಯವಾದುದು. ಇದರಲ್ಲಿ ಈವರೆಗೆ ಮೂರು ಸಾವಿರಕ್ಕೂ ಹೆಚ್ಚು ಪ್ರಭೇದಗಳು ವರ್ಣಿತವಾಗಿವೆ. ಬೆಳೆದ ನೊಣ ಸಾಮಾನ್ಯವಾಗಿ ಎರಡು ಮೂರು ಮಿಲಿಮೀಟರಿನಷ್ಟು ಮಾತ್ರ; ಕಣ್ಣೆದುರು ಹಾರಿದರೂ ಯಾರೂ ಲಕ್ಷಿಸುವುದಿಲ್ಲ. ಅದರ ಸುರಂಗವನ್ನೇ ನಾವು ಕಾಣುವುದು.

ಭೌತಶಾಸ್ತ್ರದ ಅಧ್ಯಾಪಕನಿಗೆ ಈ ವಿಷಯದಲ್ಲೇನು ಕೆಲಸವೆಂದು ವಾಚಕರು ಕೇಳಬಹುದು. ನಿಜ ಹೇಳಬೇಕೆಂದರೆ ನಾನು ಮಾಡಿದ ಒಂದು ತಪ್ಪೇ ನನ್ನನ್ನು ಇದಕ್ಕೆ ಎಳೆದುದು. ಮೂರು ವರ್ಷಗಳ ಹಿಂದೆ, ಮಳೆಗಾಲದ ನಡುವೆ, ಹೊಸಕೋಟೆಯ ಆಚೆಯ ಹಳ್ಳಿಯೊಂದರಿಂದ ಕೃಷ್ಣರಾಜಪುರದ ಮಾರ್ಗವಾಗಿ ದಿನವೂ ಶಿವಾಜಿನಗರಕ್ಕೆ ಬಸ್ಸಿನಲ್ಲಿ ಬರುತ್ತಿದ್ದ ವಿದ್ಯಾರ್ಥಿನಿಯೊಬ್ಬಳು ಮೆಕ್ಕೆಜೋಳದ ನಾಲ್ಕು ಎಲೆಗಳನ್ನು ಪುಸ್ತಕದ ನಡುವೆ ಇಟ್ಟು ತಂದಳು. ಎಲೆಗಳ ಉದ್ದಕ್ಕೂ ನೆಟ್ಟಗೆ ಬಿಳಿಯ ಗೆರೆಗಳಿದ್ದುವು. ತಂದೆ ಔಷಧ ಹೊಡೆಯಬೇಕೋ ಬೇಡವೋ ಎಂದು ಕೇಳುತ್ತಿದ್ದಾರೆ ಎಂದಳು. ಟೊಮೇಟೊ ತೋಟಗಳ ರಂಗೋಲಿ ಹುಳುವಿನ ವಿಚಾರವಾಗಿ ಎಲ್ಲಿಯೋ ಓದಿದ್ದು ನನ್ನ ನೆನಪಿನಲ್ಲಿತ್ತು. ಎಲೆಯನ್ನು ಒಮ್ಮೆ ಬೆಳಕಿಗೆ ಹಿಡಿದು, ಅದೇ ಹುಳು, ಒಳಗೆ ತಿನ್ನುತ್ತಿದೆ, ತಡಮಾಡಬಾರದು ಎಂದುಬಿಟ್ಟೆ. ಎರಡು ದಿನಗಳಾದ ಮೇಲೆ ಕುತೂಹಲದಿಂದ ಅದೇ ಎಲೆಗಳನ್ನು ಜೀವಶಾಸ್ತ್ರ ವಿಭಾಗದ ಸೂಕ್ಷ್ಮದರ್ಶಕದ ಕೆಳಗೆ ಬಿಡಿಸಿ ನೋಡಿದೆ. ಹತ್ತೊಂಬತ್ತು ಸುರಂಗಗಳಲ್ಲಿ ಮರಿಹುಳು ತಿನ್ನುತ್ತಿದ್ದುದರ ಕುರುಹು ಎರಡರಲ್ಲಿ ಮಾತ್ರ ಇತ್ತು. ಹತ್ತು ಎಂದೋ ಬರಿದಾಗಿದ್ದುವು. ಉಳಿದ ಏಳರಲ್ಲಿ ನೊಣದ ಮರಿಯ ಬದಲು ಬೇರೊಂದು ಪ್ರಾಣಿಯಿತ್ತು. ಅದರ ಮಾತನ್ನು ಮುಂದೆ ಹೇಳುತ್ತೇನೆ. ಆ ವೇಳೆಗೆ ಸಾಲ ತಂದು ಔಷಧ ಹೊಡೆದಾಗಿತ್ತು.

ನಾನು ಎಲ್ಲಿ ತಪ್ಪಿದೆನೆಂಬುದನ್ನು ತಿಳಿಯಲು ಬಹಳ ದಿನ ಬೇಕಾಯಿತು. ಅದನ್ನು ಕ್ರಮವಾಗಿ ಹೇಳಿದರೆ ಓದುಗರು ತಮ್ಮ ಅಂಗಳದ ಹುಲ್ಲಿನಲ್ಲಿಯೇ ಪರೀಕ್ಷಿಸಿ ನೋಡಬಹುದು.

ಮೊದಲಿಗೆ ಈ ಗೆರೆ ಬಿಳಿಯಾಗಿ ಕಾಣುವುದೇಕೆ ಎಂಬ ಪ್ರಶ್ನೆಯನ್ನು ತೆಗೆದುಕೊಳ್ಳೋಣ. ಸುರಂಗದಲ್ಲಿ ಬಿಳಿಯ ಬಣ್ಣವೇನೂ ಇಲ್ಲ. ಹಸುರು ತಿರುಳು ಹೋದ ಜಾಗದಲ್ಲಿ ಗಾಳಿ ತುಂಬಿಕೊಂಡಿದೆ, ಅಷ್ಟೆ. ಜೀವಕೋಶದ ಭಿತ್ತಿಯ ವಕ್ರೀಭವನಾಂಕ ಸುಮಾರು 1.4, ಗಾಳಿಯದು 1. ಬೆಳಕು ಇಂತಹ ಎರಡು ಮಾಧ್ಯಮಗಳ ಗಡಿಗೆ ನೇರವಾಗಿ ಬಿದ್ದರೆ ಹಿಂತಿರುಗುವ ಪಾಲು ಎಷ್ಟೆಂಬುದನ್ನು ಕಾಲೇಜಿನ ವಿದ್ಯಾರ್ಥಿಗಳು ಲೆಕ್ಕ ಹಾಕಬಲ್ಲರು. ಅಂಕಗಳ ವ್ಯತ್ಯಾಸವನ್ನು ಮೊತ್ತದಿಂದ ಭಾಗಿಸಿ ವರ್ಗ ಮಾಡಬೇಕು: 0.4ನ್ನು 2.4ರಿಂದ ಭಾಗಿಸಿದರೆ ಆರರಲ್ಲೊಂದು, ಅದರ ವರ್ಗ ಮೂವತ್ತಾರರಲ್ಲೊಂದು. ಒಂದು ಗಡಿಯಲ್ಲಿ ಇದು ಅಲ್ಪವೇ ಸರಿ. ಆದರೆ ಸುರಂಗದ ಚಾವಣಿ, ನೆಲ, ಹರಿದುಳಿದ ಕೋಶಭಿತ್ತಿಗಳು, ಹೀಗೆ ಒರಟಾದ ಗಡಿಗಳು ಅನೇಕ. ಎಲ್ಲವೂ ಬೆಳಕನ್ನು ನಾನಾ ದಿಕ್ಕಿಗೆ ಚದುರಿಸುತ್ತವೆ. ಹೀಗೆ ಎಲ್ಲ ಬಣ್ಣಗಳೂ ಕೂಡಿ ಚದುರಿದ ಬೆಳಕೇ ನಮಗೆ ಬಿಳಿಯಾಗಿ ತೋರುತ್ತದೆ. ಸುರಂಗದ ಒಂದು ತುದಿಯನ್ನು ಸೂಜಿಯಿಂದ ಸೀಳಿ, ಎಲೆಯನ್ನು ನೀರಿನಲ್ಲಿ ಮುಳುಗಿಸಿ ಮೃದುವಾಗಿ ಒತ್ತಿದರೆ ಗಾಳಿಯ ಗುಳ್ಳೆಗಳು ಹೊರಟು ನೀರು ಒಳಗೆ ಹೋಗುತ್ತದೆ. ನೀರಿನ ವಕ್ರೀಭವನಾಂಕ 1.33. ಆಗ ಪ್ರತಿಯೊಂದು ಗಡಿಯಿಂದ ಹಿಂತಿರುಗುವ ಬೆಳಕು ಮೊದಲಿನ ನಲವತ್ತರಲ್ಲೊಂದು ಪಾಲಿಗೆ ಇಳಿಯುತ್ತದೆ. ಬಿಳಿಗೆರೆ ಕಣ್ಣೆದುರಿನಲ್ಲಿಯೇ ಮಾಯವಾಗಿ ಎಲೆ ಅಲ್ಲಿ ಪಾರದರ್ಶಕದಂತೆ ತೋರುತ್ತದೆ. ದೋಸೆಯ ಎಣ್ಣೆ ಬಿದ್ದ ಕಾಗದದ ಆಚೆಗಿನ ಅಕ್ಷರ ಕಾಣಿಸುವುದೂ ಇದೇ ಕಾರಣದಿಂದ.

ಇದರಿಂದ ಎರಡು ಉಪಯೋಗಗಳುಂಟು. ಒಂದನೆಯದು, ನಿಜವಾದ ಸುರಂಗವನ್ನೂ ಸುರಂಗದಂತೆ ತೋರುವ ಇತರ ಗೆರೆಗಳನ್ನೂ ಬೇರ್ಪಡಿಸಬಹುದು. ಬತ್ತದ ಗದ್ದೆಗಳಲ್ಲಿ ಹಿಸ್ಪಾ ಎಂಬ ಮುಳ್ಳುದುಂಬಿಯುಂಟು. ಶಾಸ್ತ್ರೀಯ ನಾಮ ಡಿಕ್ಲಾಡಿಸ್ಪಾ ಆರ್ಮಿಜೆರಾ. ಬೆಳೆದ ದುಂಬಿ ಎಲೆಯ ಮೇಲ್ಮೈಯನ್ನು ಹೊರಗಿನಿಂದಲೇ ಕೆರೆದು, ನರಗಳಿಗೆ ಸಮಾಂತರವಾಗಿ ನೆಟ್ಟನೆಯ ಬಿಳಿಗೆರೆಗಳನ್ನು ಮಾಡುತ್ತದೆ. ದೂರದಿಂದ ನೋಡಿದವರಿಗೆ ಅದು ನೊಣದ ಕೆಲಸವೆನಿಸಬಹುದು. ಆದರೆ ಅಲ್ಲಿ ಚಾವಣಿಯಿಲ್ಲ. ಸೂಜಿಯ ಮೊನೆಯನ್ನು ಗೆರೆಯ ಕೆಳಗೆ ತೂರಿಸಿ ಎತ್ತಿದಾಗ ತೆಳುವಾದ, ಬಣ್ಣವಿಲ್ಲದ ಪೊರೆಯೊಂದು ಬಿಡಿಯಾಗಿ ಎದ್ದರೆ ಮಾತ್ರ ಅದು ಸುರಂಗ. ಇದೇ ದುಂಬಿಯ ಮರಿ ಎಲೆಯ ಒಳಗೆ ನಿಜವಾದ ಸುರಂಗವನ್ನೇ ಕೊರೆಯುತ್ತದೆ ಎಂಬುದೊಂದು ತೊಡಕು. ಆದರೆ ಅದು ಗೆರೆಯಾಗಿರದೆ ಗುಳ್ಳೆಯಂತೆ ಅಗಲವಾಗಿರುತ್ತದೆ. ಎರಡನೆಯ ಉಪಯೋಗವೆಂದರೆ ವಯಸ್ಸನ್ನು ತಿಳಿಯುವುದು. ಮರಿಹುಳು ಈಗತಾನೇ ಕೊರೆದ ಭಾಗ ತೇವದಿಂದ ಕೂಡಿ ತೆಳುಹಸುರಾಗಿರುತ್ತದೆ. ಒಣಗಿದಂತೆ ಗಾಳಿ ತುಂಬಿ ಬೆಳ್ಳಗಾಗುತ್ತದೆ. ಇನ್ನೂ ಹಳೆಯದಾದರೆ ಕಂದುಬಣ್ಣಕ್ಕೆ ತಿರುಗುತ್ತದೆ. ಉದ್ದಕ್ಕೂ ಬೆಳ್ಳಗೆ ಹೊಳೆಯುವ ಸುರಂಗದಲ್ಲಿ ಹುಳು ಇರುವ ಸಂಭವ ಕಡಮೆ. ಆ ದಿನ ನನಗೆ ಎದ್ದು ಕಂಡ ಗೆರೆಗಳೆಲ್ಲ ಇಂತಹವೇ. ಕಣ್ಣಿಗೆ ಚೆನ್ನಾಗಿ ಕಾಣುವ ಗೆರೆ ಹಳೆಯ ಗೆರೆ ಎಂಬಷ್ಟನ್ನು ತಿಳಿದಿದ್ದರೂ ಸಾಕಾಗಿತ್ತು.

ಇನ್ನು ಗೆರೆಯನ್ನು ಓದುವ ವಿಚಾರ. ಇಲ್ಲಿ ನನಗೆ ನೆನಪಾಗುವುದು ಮೇಘಪೆಟ್ಟಿಗೆ. ವಿಲ್ಸನ್ 1911ರಲ್ಲಿ ಅದರೊಳಗೆ ಕಣಗಳ ಜಾಡುಗಳನ್ನು ಮೊದಲ ಬಾರಿಗೆ ಕಂಡನು. ಕಣವನ್ನು ಯಾರೂ ನೋಡಲಿಲ್ಲ. ಅದು ಹಾದುಹೋದ ದಾರಿಯಲ್ಲಿ ಸಾಲಾಗಿ ನಿಂತ ನೀರಿನ ಹನಿಗಳನ್ನು ನೋಡಿದರು. ಜಾಡು ದಪ್ಪವೋ ತೆಳುವೋ, ಎಷ್ಟು ಉದ್ದ, ಅಯಸ್ಕಾಂತ ಕ್ಷೇತ್ರದಲ್ಲಿ ಎತ್ತ ಬಾಗುತ್ತದೆ ಎಂಬುದರಿಂದಲೇ ಕಣದ ಗುರುತು. 1932ರಲ್ಲಿ ಆಂಡರ್ಸನ್ ಒಂದು ವಿಚಿತ್ರವಾದ ಜಾಡನ್ನು ಕಂಡನು. ಕಣ ಮೇಲಿನಿಂದ ಕೆಳಕ್ಕೆ ಹೋಯಿತೋ ಕೆಳಗಿನಿಂದ ಮೇಲಕ್ಕೆ ಬಂದಿತೋ ತಿಳಿಯದೆ ಅದರ ವಿದ್ಯುದಂಶ ಧನವೋ ಋಣವೋ ಹೇಳುವಂತಿರಲಿಲ್ಲ. ಅದಕ್ಕಾಗಿ ಆತ ಪೆಟ್ಟಿಗೆಯ ನಡುವೆ 6 ಮಿಲಿಮೀಟರ್ ದಪ್ಪದ ಸೀಸದ ಹಲಗೆಯನ್ನು ಇಟ್ಟಿದ್ದನು. ಹಲಗೆಯನ್ನು ದಾಟಿದ ಕಣ ಶಕ್ತಿಗುಂದಿ ಹೆಚ್ಚು ಬಾಗುತ್ತದೆ. ಹೆಚ್ಚು ಬಾಗಿದ ಕಡೆಯೇ ಪಯಣದ ಉತ್ತರಾರ್ಧ. ಪಾಸಿಟ್ರಾನ್ ಗೊತ್ತಾದುದು ಹೀಗೆ.

ಎಲೆಸುರಂಗದಲ್ಲಿ ದಿಕ್ಕನ್ನು ತಿಳಿಯಲು ಸೀಸದ ಹಲಗೆ ಬೇಡ. ಹುಳು ತಿನ್ನುತ್ತ ಬೆಳೆಯುತ್ತದೆಯಾದುದರಿಂದ ಹಾದಿಯ ಅಗಲವೂ ಬೆಳೆಯುತ್ತದೆ. ಕೂದಲಿನಷ್ಟು ಕಿರಿದಾದ ತುದಿ ಮೊಟ್ಟೆಯೊಡೆದ ಸ್ಥಳ; ಅತ್ಯಂತ ಅಗಲವಾದುದು ಕೊನೆ. ಅಗಲ ಒಂದೇ ಸಮನಾಗಿ ಬೆಳೆಯದೆ ಎರಡು ಕಡೆ ಮೆಟ್ಟಿಲಿನಂತೆ ಹೆಚ್ಚುವುದನ್ನು ಒಳ್ಳೆಯ ಮಸೂರದಿಂದ ನೋಡಬಹುದು. ನೊಣದ ಮರಿ ಎಲೆಯೊಳಗೆ ತಿನ್ನುವ ಅವಧಿಯಲ್ಲಿ ಎರಡು ಸಲ ಪೊರೆ ಕಳಚುತ್ತದೆ, ಪ್ರತಿಸಲವೂ ಬಾಯಿಯ ಕೊಕ್ಕೆಗಳೂ ಹೊಸವಾಗಿ, ದೊಡ್ಡವಾಗಿ ಬರುತ್ತವೆ. ಇಂತಹ ಗಟ್ಟಿ ಅಂಗಗಳು ಪೊರೆ ಕಳಚಿದಂತೆಲ್ಲ ಸುಮಾರಾಗಿ ಒಂದೇ ಗುಣಕದಿಂದ ಬೆಳೆಯುತ್ತವೆಂದು ಡಯರ್ ಎಂಬಾತ 1890ರಲ್ಲಿ ಕಂಬಳಿಹುಳುಗಳ ತಲೆಗಳನ್ನು ಅಳೆದು ತೋರಿಸಿದನು. ಗುಣಶ್ರೇಢಿಯನ್ನು ಲೆಕ್ಕದ ಪುಸ್ತಕದಲ್ಲಿ ಮಾತ್ರ ಕಂಡವರು ಅದನ್ನು ಹುಳುವಿನ ಬಾಯಿಯಲ್ಲಿಯೂ ಹುಡುಕಬಹುದು. ಕಳಚಿದ ಹಳೆಯ ಕೊಕ್ಕೆಗಳು ಸುರಂಗದಲ್ಲಿಯೇ ಕರಿಯ ಚುಕ್ಕೆಗಳಾಗಿ ಬಿದ್ದಿರುತ್ತವೆ.

ಈ ಕೊಕ್ಕೆಗಳೇ ನೊಣದ ಮರಿಯನ್ನು ಇತರರಿಂದ ಬೇರ್ಪಡಿಸುವ ಮುಖ್ಯ ಸಾಕ್ಷಿ. ಪತಂಗದ ಮರಿಗೆ ಕಂದುಬಣ್ಣದ ಗಟ್ಟಿ ತಲೆಯೂ ಕತ್ತರಿಯಂತಹ ದವಡೆಗಳೂ ಇರುತ್ತವೆ. ದುಂಬಿಯ ಮರಿಗೂ ತಲೆಯುಂಟು. ನೊಣದ ಮರಿಗೆ ತಲೆಯಾಗಲಿ ಕಾಲಾಗಲಿ ಕಾಣವು. ಮೃದುವಾದ ದೇಹದ ಮುಂತುದಿಯಲ್ಲಿ ಕರಿಯ ಕೊಕ್ಕೆಗಳು ಮಾತ್ರ. ಅದು ಎಲೆಯೊಳಗೆ ಪಕ್ಕಕ್ಕೆ ಹೊರಳಿ ಮಲಗಿ, ರಾಗಿ ಕೊಯ್ಯುವವರು ಕುಡುಗೋಲನ್ನು ಬೀಸುವಂತೆ ಕೊಕ್ಕೆಯನ್ನು ಅರ್ಧವೃತ್ತದಲ್ಲಿ ಆಡಿಸುತ್ತ ತಿರುಳನ್ನು ಕೆರೆಯುತ್ತದೆ. ಆಗಾಗ ಮಗ್ಗುಲು ಬದಲಿಸುತ್ತದೆ. ಆದುದರಿಂದ ಅದರ ಹಿಕ್ಕೆ ಸುರಂಗದ ಎಡಬದಿಯಲ್ಲೊಮ್ಮೆ ಬಲಬದಿಯಲ್ಲೊಮ್ಮೆ ಬೀಳುತ್ತದೆ. ಮನೆಯ ಹಿತ್ತಲಿನ ನಿಂಬೆಗಿಡದ ಚಿಗುರಿನಲ್ಲಿ ಬೆಳ್ಳಿಯಂತೆ ಹೊಳೆಯುವ ಸುರಂಗಗಳನ್ನು ನೋಡಿ. ಅಲ್ಲಿ ಹಿಕ್ಕೆ ನಟ್ಟನಡುವೆ ಒಂದೇ ಎಳೆಯಾಗಿ ಸಾಗುತ್ತದೆ. ಅದು ಫಿಲ್ಲೊಕ್ನಿಸ್ಟಿಸ್ ಸಿಟ್ರೆಲ್ಲಾ ಎಂಬ ಪತಂಗದ ಮರಿಯ ಕೆಲಸ. ನಿಂಬೆಯ ಎಲೆಯನ್ನೂ ಪಾಲಕ್ ಎಲೆಯನ್ನೂ ಪಕ್ಕಪಕ್ಕದಲ್ಲಿಟ್ಟು ಸೂರ್ಯನಿಗೆ ಎದುರಾಗಿ ಹಿಡಿದರೆ ಈ ಭೇದ ಒಂದು ನಿಮಿಷದಲ್ಲಿ ಮನಸ್ಸಿಗೆ ಹತ್ತುತ್ತದೆ. ಪುಸ್ತಕದ ಚಿತ್ರಕ್ಕಿಂತ ಇದು ಮೇಲು.

ಅಗಲ ಎಲೆಗಳಲ್ಲಿ ಸುರಂಗದ ಆಕಾರವೂ ಬಹಳ ಸಹಾಯ ಮಾಡುತ್ತದೆ. ಒಂದು ಪ್ರಭೇದ ಹಾವಿನಂತೆ ಹರಿದರೆ ಇನ್ನೊಂದು ಸುರುಳಿ ಸುತ್ತುತ್ತದೆ, ಮತ್ತೊಂದು ನಕ್ಷತ್ರದಂತೆ ಕವಲೊಡೆಯುತ್ತದೆ. ಸಸ್ಯದ ಹೆಸರು, ಸುರಂಗದ ಆಕಾರ, ಹಿಕ್ಕೆಯ ಕ್ರಮ, ಇಷ್ಟನ್ನೇ ಹಿಡಿದು ಕೀಟದ ಹೆಸರನ್ನು ಹೇಳುವ ವಿದ್ಯೆಯನ್ನು ಬರ್ಲಿನ್ನಿನ ಎರಿಕ್ ಮಾರ್ಟಿನ್ ಹೆರಿಂಗ್ ತನ್ನ ಜೀವಮಾನವೆಲ್ಲ ಬೆಳೆಸಿದನು. ಯೂರೋಪಿನ ಎಲೆಸುರಂಗಗಳನ್ನು ಗುರುತಿಸಲು ಆತ ರಚಿಸಿದ ಕೋಷ್ಟಕಗಳು 1957ರಲ್ಲಿ ಹೊರಬಂದುವು. ಮೊದಲು ಗಿಡವನ್ನು ಗುರುತಿಸಿ, ಆಮೇಲೆ ಸುರಂಗವನ್ನು ನೋಡು ಎಂಬುದೇ ಅವುಗಳ ಕ್ರಮ. ಈ ನೊಣಗಳಲ್ಲಿ ಬಹುಪಾಲು ಒಂದೇ ಸಸ್ಯವನ್ನೋ ಒಂದೇ ಸಸ್ಯಕುಟುಂಬವನ್ನೋ ನೆಚ್ಚಿಕೊಂಡಿರುವುದರಿಂದ ಅರ್ಧ ಕೆಲಸ ಗಿಡದ ಹೆಸರಿನಿಂದಲೇ ಮುಗಿಯುತ್ತದೆ.

ಹುಲ್ಲಿಗೆ ಬಂದಾಗ ಈ ವಿದ್ಯೆ ಮುಗ್ಗರಿಸುತ್ತದೆ. ಗರಿಕೆ, ರಾಗಿ, ಬತ್ತ, ಮೆಕ್ಕೆಜೋಳ, ಕಬ್ಬು, ಎಲ್ಲವೂ ಹುಲ್ಲಿನ ಕುಟುಂಬದವೇ. ಇವುಗಳ ಎಲೆಯಲ್ಲಿ ನರಗಳು ಬಲೆಯಂತೆ ಹರಡದೆ, ಬುಡದಿಂದ ತುದಿಯವರೆಗೆ ಒಂದರ ಪಕ್ಕದಲ್ಲೊಂದು ಸಾಗುತ್ತವೆ. ದೊಡ್ಡ ನರಗಳಲ್ಲಿ ಗಟ್ಟಿ ನಾರಿನ ತೊಲೆಯು ಮೇಲಿನ ಹೊರಪೊರೆಯಿಂದ ಕೆಳಗಿನದಕ್ಕೆ ಗೋಡೆಯಂತೆ ನಿಂತಿರುತ್ತದೆ. ಸಣ್ಣ ನರಗಳನ್ನು ಹುಳು ಲೆಕ್ಕಿಸದಿರಬಹುದು, ಈ ಗೋಡೆಗಳನ್ನು ದಾಟುವುದು ಕಷ್ಟ. ಆದುದರಿಂದ ಯಾವ ಪ್ರಭೇದದ ಹುಳುವಾದರೂ ಬಹುಮಟ್ಟಿಗೆ ನೆಟ್ಟಗೆ ಸಾಗಲೇಬೇಕು. ಗೆರೆಯಿಲ್ಲದ ಹಲಗೆಯ ಮೇಲೆ ಬರೆದಾಗ ಪ್ರತಿಯೊಬ್ಬ ಹುಡುಗನ ಕೈಬರಹವೂ ಬೇರೆ ಬೇರೆ. ಕಾಪಿ ಪುಸ್ತಕದ ಗೆರೆಗಳ ನಡುವೆ ಬರೆಸಿದರೆ ಎಲ್ಲರದೂ ಒಂದೇ ತೆರ. ಮೇಘಪೆಟ್ಟಿಗೆಯ ಮಾತಿನಲ್ಲಿಯೇ ಹೇಳುವುದಾದರೆ, ಅಯಸ್ಕಾಂತ ಕ್ಷೇತ್ರವನ್ನು ತೆಗೆದುಬಿಟ್ಟ ಪೆಟ್ಟಿಗೆಯಂತೆ ಹುಲ್ಲಿನ ಎಲೆ. ಜಾಡು ನೇರವಾಗಿದೆ, ಧನವೋ ಋಣವೋ ತಿಳಿಯದು. ಮೆಕ್ಕೆಜೋಳದ ಎಲೆಯ ನೇರ ಗೆರೆಯನ್ನು ನೋಡಿ ಹುಳುವಿನ ಹೆಸರು ಹೇಳಿದ ನಾನು, ನಿಜಕ್ಕೂ ನೋಡಿದ್ದು ಎಲೆಯ ನರಗಳನ್ನು.

ಟೊಮೇಟೊವಿನ ರಂಗೋಲಿ ಹುಳುವೆಂದು ನಾನು ಹೇಳಿದ್ದು ಲಿರಿಯೊಮೈಜಾ ಟ್ರೈಫೋಲಿ ಎಂಬ ನೊಣ. ಅದರ ತವರು ಅಮೆರಿಕ ಖಂಡ. 1990ರ ದಶಕದ ಆದಿಯಲ್ಲಿ ಭಾರತದಲ್ಲಿ ಕಾಣಿಸಿಕೊಂಡು ಕೆಲವೇ ವರ್ಷಗಳಲ್ಲಿ ಟೊಮೇಟೊ, ಹರಳು, ಅಲಸಂದೆ, ಹೂವಿನ ಗಿಡಗಳಿಗೆಲ್ಲ ಹರಡಿತು. ಕುಟುಂಬದ ಇತರರಂತಲ್ಲದೆ ಇದು ನಾನಾ ಕುಟುಂಬಗಳ ಸಸ್ಯಗಳನ್ನು ತಿನ್ನುತ್ತದೆ. ಆದರೆ ಹಿಡಿಯುವುದು ಹೆಚ್ಚಾಗಿ ಅಗಲ ಎಲೆಯ ಗಿಡಗಳನ್ನು. ಹುಲ್ಲುಗಳನ್ನು ನೆಚ್ಚಿದ ನೊಣಗಳು ಬೇರೆಯೇ ಉಂಟು. ಸೆರೊಡಾಂಥಾ ಎಂಬ ಜಾತಿ, ಆಗ್ರೊಮೈಜಾ ಜಾತಿಯ ಒಂದು ಭಾಗ, ಮತ್ತು ಉಷ್ಣದೇಶಗಳಲ್ಲಿ ಸ್ಯೂಡೊನ್ಯಾಪೊಮೈಜಾ ಎಂಬ ಜಾತಿ ಮುಖ್ಯವಾದುವು. ಕೊನೆಯದರಲ್ಲಿ ಸ್ಪೈಕೇಟಾ ಎಂಬ ಪ್ರಭೇದವನ್ನು ಮ್ಯಾಲಕ್ ಎಂಬಾತ 1914ರಲ್ಲಿ ಫಾರ್ಮೋಸಾ ದ್ವೀಪದ, ಎಂದರೆ ಇಂದಿನ ತೈವಾನಿನ, ಮಾದರಿಗಳಿಂದ ವರ್ಣಿಸಿದನು; ಅದರ ಮರಿಗಳು ಮೆಕ್ಕೆಜೋಳ, ಕಬ್ಬು ಮೊದಲಾದವುಗಳ ಎಲೆಯಲ್ಲಿ ಗೆರೆಸುರಂಗವನ್ನು ಕೊರೆಯುತ್ತವೆ. ಆಗ್ರೊಮೈಜಿಡೀ ಅಲ್ಲದ ನೊಣವೂ ಒಂದುಂಟು. ಬತ್ತದ ಸುಳಿನೊಣ, ಹೈಡ್ರೆಲಿಯಾ ಫಿಲಿಪ್ಪೈನಾ, ಇನ್ನೂ ಬಿಚ್ಚದ ಸುಳಿಯೊಳಗಿನ ಎಲೆಯ ಅಂಚನ್ನು ತಿನ್ನುತ್ತದೆ. ಎಲೆ ಬಿಚ್ಚಿದಾಗ ಅಂಚಿನಲ್ಲಿ ಬಿಳಿಯ ಪಟ್ಟೆಗಳು ತೋರುತ್ತವೆ. ಗೆರೆ ಎಲೆಯ ನಡುವಿನಲ್ಲಿದೆಯೋ ಅಂಚಿನಲ್ಲಿದೆಯೋ ಎಂದು ನೋಡುವುದಕ್ಕೆ ಇದೇ ಕಾರಣ.

ಹಾಗಾದರೆ ಹುಲ್ಲಿನಲ್ಲಿ ಏನನ್ನು ನೋಡಬೇಕು? ಗೆರೆಯ ಆಕಾರವನ್ನು ಬಿಟ್ಟು, ಹುಳು ತನ್ನಿಚ್ಛೆಯಂತೆ ಮಾಡಿದ ಕೆಲಸಗಳನ್ನು ನೋಡಬೇಕು. ಎಲ್ಲಿ ಮೊಟ್ಟೆಯಿಟ್ಟಿತು, ತುದಿಯಲ್ಲೋ ಬುಡದಲ್ಲೋ? ಸುರಂಗ ಮೇಲಕ್ಕೆ ಸಾಗಿತೋ ಕೆಳಕ್ಕೋ? ಹುಲ್ಲಿನ ಎಲೆಯಲ್ಲಿ ಇವೆರಡೇ ದಿಕ್ಕುಗಳಾದುದರಿಂದ ಪ್ರಶ್ನೆ ಸುಲಭ. ಕೆಲವು ಪ್ರಭೇದಗಳು ತುದಿಯಿಂದ ಆರಂಭಿಸಿ ಇಳಿಯುತ್ತವೆ, ಕೆಲವು ಏರುತ್ತವೆ, ಕೆಲವು ಇಳಿದಿಳಿದು ಕಾಂಡವನ್ನು ಸುತ್ತಿರುವ ಎಲೆಯ ಒರೆಯೊಳಕ್ಕೇ ಹೋಗಿಬಿಡುತ್ತವೆ. ಸುರಂಗ ಕೊನೆಯವರೆಗೂ ಗೆರೆಯಾಗಿ ಉಳಿಯಿತೋ, ಅಗಲವಾದ ಪಟ್ಟೆಯಾಯಿತೋ? ಒಳಗೆ ಒಂದೇ ಹುಳುವೋ, ಹಲವೋ? ಸುರಂಗದ ಸುತ್ತಮುತ್ತ ಸಾಲಾಗಿ ಬಿಳಿಯ ಚುಕ್ಕೆಗಳಿದ್ದರೆ ಅವನ್ನೂ ಬರೆದಿಡಬೇಕು. ಹೆಣ್ಣುನೊಣ ಮೊಟ್ಟೆಯಿಡುವ ಕೊಳವೆಯಿಂದ ಎಲೆಯನ್ನು ಚುಚ್ಚಿ ಒಸರುವ ರಸವನ್ನು ಕುಡಿಯುತ್ತದೆ; ಗಂಡಿಗೆ ಕೊಳವೆಯಿಲ್ಲ, ಹೆಣ್ಣು ಮಾಡಿದ ತೂತಿನಿಂದಲೇ ಅದೂ ಕುಡಿಯಬೇಕು. ಹುಲ್ಲಿನಲ್ಲಿ ಈ ಚುಕ್ಕೆಗಳೂ ನರಗಳ ನಡುವೆ ಶಿಸ್ತಾಗಿ ಸಾಲುಗಟ್ಟುತ್ತವೆ.

ಎಲ್ಲಕ್ಕಿಂತ ಹೆಚ್ಚು ಹೇಳುವುದು ಕೋಶಾವಸ್ಥೆಯ ಸ್ಥಳ. ಬೆಳೆದ ಮರಿ ತನ್ನ ಚರ್ಮವನ್ನೇ ಗಟ್ಟಿಮಾಡಿಕೊಂಡು ಪೀಪಾಯಿಯಂತಹ ಕೋಶವಾಗುತ್ತದೆ. ಆಗ್ರೊಮೈಜಾ ಜಾತಿಯವು ಎಲೆಯನ್ನು ಸೀಳಿ ಹೊರಬಂದು ಮಣ್ಣಿಗೆ ಬೀಳುತ್ತವೆ. ಸುರಂಗದ ಅಗಲವಾದ ತುದಿಯಲ್ಲಿ ಸಣ್ಣ ಅರೆಚಂದ್ರದ ಸೀಳು ಮಾತ್ರ ಉಳಿಯುತ್ತದೆ. ಸೆರೊಡಾಂಥಾದಲ್ಲಿ ಅನೇಕ ಪ್ರಭೇದಗಳು ಸುರಂಗದೊಳಗೋ ಎಲೆಯ ಒರೆಯ ಒಳಗೋ ಕೋಶವಾಗುತ್ತವೆ. ಬೆಳಕಿಗೆ ಹಿಡಿದರೆ ಅಕ್ಕಿಕಾಳಿಗಿಂತ ಚಿಕ್ಕದಾದ ಕಪ್ಪು ಅಥವಾ ಕಂದು ಕೋಶ ಕಾಣುತ್ತದೆ. ಅಗಲ ಎಲೆಗಳಲ್ಲಿ ಇದೇ ಭೇದವನ್ನು ನೋಡಬೇಕಾದರೆ ಬಟಾಣಿಯ ಗಿಡವನ್ನು ನೋಡಬಹುದು. ಅಲ್ಲಿನ ಕ್ರೊಮಾಟೊಮೈಯಾ ಹಾರ್ಟಿಕೋಲಾ ಎಲೆಯೊಳಗೇ ಕೋಶವಾಗಿ, ತನ್ನ ಮುಂದಣ ಶ್ವಾಸರಂಧ್ರಗಳ ಎರಡು ಕೊಂಬುಗಳನ್ನು ಹೊರಪೊರೆಯಿಂದ ಹೊರಕ್ಕೆ ಚಾಚಿ ಉಸಿರಾಡುತ್ತದೆ. ಲಿರಿಯೊಮೈಜಾ ಟ್ರೈಫೋಲಿ ಹಾಗಲ್ಲ, ಎಲೆಯನ್ನು ಬಿಟ್ಟು ಹೊರಬರುತ್ತದೆ. ಹಿಂತುದಿಯ ಶ್ವಾಸರಂಧ್ರಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಟ್ರೈಫೋಲಿಯಲ್ಲಿ ಒಂದೊಂದು ಬದಿಗೆ ಮೂರು ಗುಬುಟುಗಳು, ಹಾರ್ಟಿಕೋಲಾದಲ್ಲಿ ಅದಕ್ಕಿಂತ ಹೆಚ್ಚು. ಸುರಂಗವೊಂದೇ ಹೇಳದ ಮಾತನ್ನು ಅದರೊಳಗೆ ಉಳಿದ ಕೋಶ ಹೇಳುತ್ತದೆ.

ಈಗ ಆ ಏಳು ಸುರಂಗಗಳಿಗೆ ಬರೋಣ. ಅವುಗಳಲ್ಲಿ ನೊಣದ ಮರಿ ಸತ್ತು ಬಾಡಿದ ಚರ್ಮವಾಗಿತ್ತು. ಪಕ್ಕದಲ್ಲಿ ಕೆಲವು ಕಡೆ ತಲೆಯೂ ಕೊಕ್ಕೆಯೂ ಕಾಣದ ಒಂದು ಪುಟ್ಟ ಹುಳು. ಕೆಲವು ಕಡೆ ಕಾಲು, ರೆಕ್ಕೆಗಳ ಅಚ್ಚು ಸ್ಪಷ್ಟವಾಗಿ ತೋರುವ ಕಪ್ಪು ಕೋಶ. ನೊಣದ ಕೋಶ ನುಣುಪಾದ ಪೀಪಾಯಿ, ಅದರಲ್ಲಿ ಇಂತಹ ಅಚ್ಚಿರುವುದಿಲ್ಲ. ಇವು ಯೂಲೊಫಿಡೀ ಕುಟುಂಬದ ಪರೋಪಜೀವಿ ಕಣಜಗಳು. ಹೆಣ್ಣುಕಣಜ ಎಲೆಯ ಮೇಲೆ ನಡೆದಾಡಿ, ಒಳಗೆ ಹುಳುವಿರುವುದನ್ನು ಪತ್ತೆಹಚ್ಚಿ, ಪೊರೆಯ ಮೂಲಕವೇ ಚುಚ್ಚಿ ಅದನ್ನು ನಿಶ್ಚಲಗೊಳಿಸಿ, ಪಕ್ಕದಲ್ಲಿ ಮೊಟ್ಟೆಯಿಡುತ್ತದೆ. ಡಿಗ್ಲಿಫಸ್ ಎಂಬ ಜಾತಿಯ ಕಣಜದ ಮರಿ ನೊಣದ ಮರಿಯನ್ನು ತಿಂದು ಮುಗಿಸಿದ ಮೇಲೆ, ಒಣಗುವ ಎಲೆಯ ಪೊರೆಗಳು ಕುಸಿದು ತನ್ನನ್ನು ಅದುಮದಂತೆ, ತನ್ನ ಹಿಕ್ಕೆಯಿಂದಲೇ ನೆಲಕ್ಕೂ ಚಾವಣಿಗೂ ನಡುವೆ ಸುತ್ತಲೂ ಕಂಬಗಳನ್ನು ನಿಲ್ಲಿಸಿ ಆಮೇಲೆ ಕೋಶವಾಗುತ್ತದೆ. ಕೋಲಾರದ ಚಿನ್ನದ ಗಣಿಯಲ್ಲಿ ಮರದ ದಿಮ್ಮಿಗಳಿಂದ ಚಾವಣಿಗೆ ಆಸರೆ ಕೊಡುತ್ತಿದ್ದರೆಂದು ಕೇಳಿದ್ದ ನನಗೆ ಈ ಕಂಬಗಳ ವಿಚಾರವನ್ನು ತಿಳಿದಾಗ ಆದ ಬೆರಗನ್ನು ಹೇಳಲಾರೆ. ಬೆಳಕಿಗೆ ಹಿಡಿದಾಗ ಸುರಂಗದ ಒಂದು ಕಡೆ ಕಪ್ಪು ಚುಕ್ಕೆಗಳು ಉಂಗುರದಂತೆ ನಿಂತಿದ್ದರೆ ಅಲ್ಲಿ ಕಣಜದ ಮನೆಯಾಗಿದೆ ಎಂದು ತಿಳಿಯಬಹುದು.

ಹತ್ತೊಂಬತ್ತರಲ್ಲಿ ಹತ್ತು ಬರಿದು, ಏಳರಲ್ಲಿ ಕಣಜ. ಆ ಹೊಲದ ಲೆಕ್ಕವನ್ನು ಕಣಜಗಳು ಆಗಲೇ ತೀರಿಸುತ್ತಿದ್ದುವು. ಔಷಧವು ಎಲೆಯ ಪೊರೆಗಳ ನಡುವೆ ಅಡಗಿದ ನೊಣದ ಮರಿಗೆ ತಗಲುವುದಕ್ಕಿಂತ ಎಲೆಯ ಮೇಲೆ ನಡೆದಾಡುವ ಕಣಜಕ್ಕೆ ತಗಲುವುದು ಸುಲಭ. ಸಿಕ್ಕ ಔಷಧವನ್ನೆಲ್ಲ ಮೇಲಿಂದ ಮೇಲೆ ಹೊಡೆದ ತೋಟಗಳಲ್ಲಿ ಲಿರಿಯೊಮೈಜಾ ಹೆಚ್ಚಿದ ದೃಷ್ಟಾಂತಗಳು ಅನೇಕ ದೇಶಗಳಲ್ಲಿವೆ. ನಾನು ಇದನ್ನೆಲ್ಲ ಆ ಹುಡುಗಿಗೆ ಹೇಳಿದೆ, ತಪ್ಪು ನನ್ನದೆಂದೂ ಹೇಳಿದೆ. ಅವಳು ಬೇಸರಪಡಲಿಲ್ಲ, ಮುಂದಿನ ವರ್ಷ ಬಿತ್ತಿದ ಮೆಕ್ಕೆಜೋಳದಲ್ಲಿ ವಾರಕ್ಕೊಮ್ಮೆ ಐವತ್ತು ಎಲೆಗಳನ್ನು ಬೆಳಕಿಗೆ ಹಿಡಿದು, ಹುಳುವಿರುವುದು, ಬರಿದಾದುದು, ಕಣಜವಿರುವುದು ಎಂದು ಮೂರು ಕಾಲಮ್ಮುಗಳಲ್ಲಿ ಬರೆದು ತಂದಳು. ಆ ವರ್ಷ ಅವಳ ತಂದೆ ರಂಗೋಲಿ ಹುಳುವಿಗೆಂದು ಔಷಧ ಕೊಳ್ಳಲಿಲ್ಲ.

ಇಷ್ಟಾದರೂ ಅವಳ ಹೊಲದ ನೊಣದ ಪ್ರಭೇದವನ್ನು ನಾವು ಎಲೆಯಿಂದ ಹೇಳಲಾಗಲಿಲ್ಲ. ಹುಲ್ಲಿನ ಸುರಂಗ ಕುಟುಂಬದವರೆಗೆ ನಿಶ್ಚಯವಾಗಿ, ಜಾತಿಯವರೆಗೆ ಕೆಲವೊಮ್ಮೆ ಕರೆದೊಯ್ಯುತ್ತದೆ. ಪ್ರಭೇದಕ್ಕೆ ನೊಣವೇ ಬೇಕು, ಅದೂ ಗಂಡುನೊಣ. ಅದರ ಉದರದ ತುದಿಯಲ್ಲಿರುವ ಜನನಾಂಗಗಳ ರಚನೆಯೇ ಈ ಕುಟುಂಬದಲ್ಲಿ ಕೊನೆಯ ತೀರ್ಪು. ಭಾರತದ ಆಗ್ರೊಮೈಜಿಡೀಗಳ ಮೇಲೆ ಸಿಂಗ್ ಮತ್ತು ಐಪೆ ಬರೆದ ದೊಡ್ಡ ಪ್ರಬಂಧ ಆಗ್ರಾದ ಸೇಂಟ್ ಜಾನ್ಸ್ ಕಾಲೇಜಿನಿಂದ 1973ರಲ್ಲಿ ಪ್ರಕಟವಾಯಿತು. ನಮ್ಮ ಊರಿನಲ್ಲಿಯೇ, ಹೆಬ್ಬಾಳದ ಬಳಿ, ರಾಷ್ಟ್ರೀಯ ಕೃಷಿ ಕೀಟ ಸಂಪನ್ಮೂಲ ಬ್ಯೂರೋ ಇದೆ. ಆದರೆ ತಜ್ಞರ ಬಳಿಗೆ ಬರಿಯ ಎಲೆಯನ್ನು ಕೊಂಡೊಯ್ದು ಪ್ರಯೋಜನವಿಲ್ಲ. ನೊಣವನ್ನು ಮನೆಯಲ್ಲಿಯೇ ಬೆಳೆಸಿಕೊಳ್ಳಬೇಕು.

ಅದೇನೂ ಕಷ್ಟವಲ್ಲ. ಹಲಸೂರು ಕೆರೆಯ ದಡದಲ್ಲಾಗಲಿ ಕಬ್ಬನ್ ಉದ್ಯಾನದ ಬೇಲಿಯಂಚಿನಲ್ಲಾಗಲಿ ಬೆಳೆದ ಹುಲ್ಲನ್ನು ಬಗ್ಗಿ ನೋಡಿ. ತುದಿಯಲ್ಲಿ ತೆಳುಹಸುರು ಉಳಿದಿರುವ, ಒಳಗೆ ಹುಳು ಅಲುಗಾಡುತ್ತಿರುವ ಎಲೆಯನ್ನು ಆರಿಸಬೇಕು. ಹುಲ್ಲಿನ ಎಲೆ ಕಿತ್ತ ಗಳಿಗೆಯಲ್ಲಿಯೇ ಸುರುಳಿಯಾಗಿ ಒಣಗತೊಡಗುವುದರಿಂದ ಒರೆಯ ಸಮೇತ ಕತ್ತರಿಸಿ, ಬುಡಕ್ಕೆ ಒದ್ದೆ ಹತ್ತಿಯನ್ನು ಸುತ್ತಿ, ಅಗಲ ಬಾಯಿಯ ಸೀಸೆಯಲ್ಲಿ ನಿಲ್ಲಿಸಿ. ತಳದಲ್ಲಿ ಸ್ವಲ್ಪ ತೇವದ ಮರಳಿರಲಿ, ಮಣ್ಣಿಗಿಳಿಯುವ ಹುಳುವಿಗೆ ಅದು ಬೇಕು. ಬಾಯಿಗೆ ತೆಳುಬಟ್ಟೆ ಕಟ್ಟಿ ನೆರಳಿನಲ್ಲಿಡಿ. ನೀರು ಹೆಚ್ಚಾದರೆ ಬೂಷ್ಟು ಹಿಡಿಯುತ್ತದೆ. ಬೆಚ್ಚಗಿನ ದಿನಗಳಾದರೆ ಎರಡು ಮೂರು ವಾರಗಳೊಳಗೆ ನೊಣವೋ ಕಣಜವೋ ಹೊರಬರುತ್ತದೆ. ಯಾವುದು ಬಂದರೂ ಎಸೆಯಬಾರದು. ಹೊರಬಂದ ನೊಣವನ್ನು ಒಂದು ದಿನ ಹಾಗೆಯೇ ಬಿಟ್ಟರೆ ಅದರ ಬಣ್ಣ ಮಾಗುತ್ತದೆ. ಆಮೇಲೆ 70ರಷ್ಟು ಬಲದ ಆಲ್ಕೊಹಾಲಿನಲ್ಲಿ, ಅದರದೇ ಬರಿಗೋಶದ ಜೊತೆಗೆ ಇಡಿ. ಸುರಂಗವಿರುವ ಎಲೆಯನ್ನು ಹಳೆಯ ಪತ್ರಿಕೆಯ ನಡುವೆ ಒತ್ತಿ ಒಣಗಿಸಿ, ಎರಡಕ್ಕೂ ಒಂದೇ ಅಂಕೆ ಕೊಡಿ. ಹುಲ್ಲಿನ ಹೂವಿನ ತೆನೆಯನ್ನೂ ಕಿತ್ತಿಡುವುದನ್ನು ಮರೆಯಬೇಡಿ. ತೆನೆಯಿಲ್ಲದೆ ಹುಲ್ಲಿನ ಹೆಸರನ್ನು ಸಸ್ಯಶಾಸ್ತ್ರಜ್ಞರೂ ಹೇಳಲು ಹಿಂಜರಿಯುತ್ತಾರೆ. ಚೀಟಿಯಲ್ಲಿ ದಿನಾಂಕ, ಸ್ಥಳ, ಹುಲ್ಲಿನ ಹೆಸರು, ಸುರಂಗ ಹತ್ತಿತೋ ಇಳಿಯಿತೋ, ಕೋಶ ಎಲ್ಲಿ ಸಿಕ್ಕಿತು, ಇಷ್ಟನ್ನು ಬರೆದು ಸೀಸೆಯ ಒಳಗೇ ಹಾಕಿ. ಬರೆಯುವುದು ಪೆನ್ಸಿಲಿನಿಂದ, ಮಸಿಯ ಬರಹವನ್ನು ಆಲ್ಕೊಹಾಲು ಒಂದೇ ರಾತ್ರಿಯಲ್ಲಿ ತೊಳೆದುಬಿಡುತ್ತದೆ.